ಹಳೆಯ ಸೈಕಲ್ಲಿನ ಬಾಡಿಗೆ

ಧಾರವಾಡದಲ್ಲಿ ಓದು ಮುಗಿಸಿದ ಮಿತ್ರನೊಬ್ಬ ತನ್ನ ಸೈಕಲ್ಲನ್ನು ೨,೨೦೦ ರೂಪಾಯಿಗೆ ನನಗೆ ಕೊಡಲು ಒಪ್ಪಿದ. ಹೊನ್ನಾವರದ ಕಡೆಯ ನಮ್ಮ ಹಳ್ಳಿಯಿಂದ ಬಸ್ಸು ನಿಲ್ಲುವ ಹೆದ್ದಾರಿಗೆ ನಾಲ್ಕು ಕಿಲೋಮೀಟರು ನಡೆಯಬೇಕು. ಬೆಳಗಿನ ಬಸ್ಸು ತಪ್ಪಿದರೆ ಮೊದಲ ಎರಡು ತಾಸುಗಳ ಹಾಜರಿಯೂ ತಪ್ಪಿತು. ಹೋದ ವರ್ಷ ಹಾಜರಿಯ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಬಿದ್ದ ಕೆಂಪು ಗೆರೆಯನ್ನು ನಮ್ಮ ಗುರುಗಳು ಮರೆತಿರಲಾರರು. ಆದುದರಿಂದ ಸೈಕಲ್ಲು ನನಗೆ ವಿಲಾಸದ ವಸ್ತುವಲ್ಲ. ಆದರೆ ಅದಿದ್ದುದು ಧಾರವಾಡದಲ್ಲಿ, ನಾನಿದ್ದುದು ಇಲ್ಲಿ, ನಡುವೆ ಘಟ್ಟ.

ಮಿತ್ರನು ಕೊರಿಯರ್ ಕಚೇರಿಯೊಂದಕ್ಕೆ ಹೋಗಿ ವಿಚಾರಿಸಿದ. ಅವರು ಕೇಳಿದ್ದು ೧,೯೦೦ ರೂಪಾಯಿ. ಸೈಕಲ್ಲಿನ ತೂಕ ಹದಿನೆಂಟು ಕಿಲೋ. ಅವರು ಬರೆದುಕೊಂಡದ್ದು ನಲವತ್ತೊಂದು! ತಕ್ಕಡಿ ಕೆಟ್ಟಿದೆಯೇ ಎಂದು ಕೇಳಿದ್ದಕ್ಕೆ ಅವರು ನಕ್ಕರಂತೆ.

ತಕ್ಕಡಿ ಕೆಟ್ಟಿರಲಿಲ್ಲ. ಕೊರಿಯರಿನವರಲ್ಲಿ ಎರಡು ಬಗೆಯ ತೂಕವುಂಟು. ಒಂದು ನಿಜವಾದ ತೂಕ. ಇನ್ನೊಂದು ಗಾತ್ರದ ತೂಕ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರುಗಳಲ್ಲಿ ಗುಣಿಸಿ, ಬಹುಮಟ್ಟಿಗೆ ೫,೦೦೦ದಿಂದ ಭಾಗಿಸುತ್ತಾರೆ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. ಸೈಕಲ್ಲನ್ನು ಬಿಚ್ಚದೆ ನಿಲ್ಲಿಸಿ ಅಳೆದರೆ ಸುಮಾರು ೧೮೦, ೫೫, ೧೦೦. ಲೆಕ್ಕಕ್ಕೆ ೧೯೮ ಕಿಲೋ, ಅಂದರೆ ಒಂದು ಎಮ್ಮೆಕರುವಿನ ತೂಕ. ಚಕ್ರ, ಹ್ಯಾಂಡಲು, ಪೆಡಲುಗಳನ್ನು ಬಿಚ್ಚಿ ೧೧೦, ೭೫, ೨೫ರ ಪೆಟ್ಟಿಗೆಗೆ ಇಳಿಸಿದರೂ ನಲವತ್ತೊಂದಕ್ಕಿಂತ ಕೆಳಗೆ ಬಾರದು. ಹಳೆಯ ಸೈಕಲ್ಲಿನಲ್ಲಿ ಇರುವುದು ಹೆಚ್ಚಾಗಿ ಗಾಳಿಯೇ. ಆ ಗಾಳಿಗೂ ನಾವು ಬಾಡಿಗೆ ತೆರಬೇಕು.

ಇದನ್ನು ಮೋಸವೆಂದು ಕೂಗುವ ಮನಸ್ಸು ನನಗೂ ಆಗಿತ್ತು. ಆದರೆ ನಮ್ಮ ಕುಮಟೆಯನ್ನೇ ನೆನೆದರೆ ಹಾಗೆನ್ನಲಾಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡದ ಕಡೆಯ ಹತ್ತಿ ದೇವಿಮನೆ ಘಟ್ಟವನ್ನಿಳಿದು ಕುಮಟೆಯ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ಪೇಟೆಯಲ್ಲಿ ಆ ಹತ್ತಿಗೆ ಕುಮಟಾ ಹತ್ತಿಯೆಂದೇ ಹೆಸರು ಬಿದ್ದಿತು. ಹತ್ತಿಯನ್ನು ಒತ್ತಿ ಒತ್ತಿ ಹಿಂಡಿಗೆ ಕಟ್ಟುವುದೇಕೆ? ಹಡಗಿನಲ್ಲಿ ಮೊದಲು ಮುಗಿಯುವುದು ಜಾಗ, ಅದಕ್ಕೆ. ಕೊರಿಯರಿನವನ ಗಾಡಿಗೂ ಅದೇ ನ್ಯಾಯ. ಅವನದು ತಪ್ಪಲ್ಲ. ಆದರೆ ಅವನ ಗಾಡಿ ನನ್ನ ಸೈಕಲ್ಲಿಗೆ ತಕ್ಕದ್ದಲ್ಲ. ಒಡೆಯುವ, ಬೆಲೆಬಾಳುವ, ಮನೆಬಾಗಿಲಿಗೇ ಬರಬೇಕಾದ ವಸ್ತುವಿಗೆ ಅವನಿರಲಿ. ಕಬ್ಬಿಣದ ಹಳೆಯ ಸೈಕಲ್ಲು ಸುಮ್ಮನೆ ಒಡೆಯುವ ವಸ್ತುವಲ್ಲ; ಅದರ ಬೆಲೆಗೆ ಸಮೀಪದ ಬಾಡಿಗೆ ಕೊಡುವುದು ಅವಿವೇಕ.

ರೈಲಿನ ಪಾರ್ಸೆಲು ಅಗ್ಗವಲ್ಲವೇ ಎಂದು ಗೆಳೆಯರು ಕೇಳಿದರು. ಮುಂಬಯಿಯಿಂದಲೋ ಮಂಗಳೂರಿನಿಂದಲೋ ತರಿಸುವವರು ವಿಚಾರಿಸಬೇಕಾದ ಮಾತೇ ಸರಿ. ಆದರೆ ಹುಬ್ಬಳ್ಳಿ–ಅಂಕೋಲಾ ರೈಲು ಇನ್ನೂ ಆಗಿಲ್ಲ. ಧಾರವಾಡದ ಪಾರ್ಸೆಲು ಲೋಂಡಾ ದಾಟಿ ಮಡಗಾಂವಿಗೆ ಹೋಗಿ, ಅಲ್ಲಿ ೧೯೯೮ರಲ್ಲಿ ಪೂರ್ಣಗೊಂಡ ಕೊಂಕಣ ರೈಲನ್ನು ಹಿಡಿದು ದಕ್ಷಿಣಕ್ಕೆ ತಿರುಗಬೇಕು. ಹೇರಿ ಇಳಿಸುವವರು ಹೆಚ್ಚಿದಷ್ಟೂ ಮಡ್‌ಗಾರ್ಡು ಸೊಟ್ಟಗಾಗುವುದು ಖಂಡಿತ. ಗಾಡಿ ಎರಡೇ ನಿಮಿಷ ನಿಲ್ಲುವ ನಿಲ್ದಾಣದಲ್ಲಿ ಪಾರ್ಸೆಲು ಇಳಿಸುತ್ತಾರೆಯೇ ಎಂಬುದನ್ನೂ ಮೊದಲೇ ಕೇಳಿಕೊಳ್ಳಬೇಕು. ಬಂದ ಸಾಮಾನನ್ನು ಹೊತ್ತಿಗೆ ಸರಿಯಾಗಿ ಬಿಡಿಸಿಕೊಳ್ಳದಿದ್ದರೆ ವಾರ್ಫೇಜು ಬೇರೆ.

ಉಳಿದದ್ದು ಬಸ್ಸು. ಸಾರಿಗೆ ಸಂಸ್ಥೆಯವರು ೨೦೨೧ರಲ್ಲಿ ಆರಂಭಿಸಿದ ನಮ್ಮ ಕಾರ್ಗೋ ಸೇವೆಯಲ್ಲಿ ಸಾಮಾನನ್ನಷ್ಟೇ ಕಳಿಸುವ ದಾರಿಯುಂಟು. ನಾನು ಮಾತ್ರ ಒಂದು ಭಾನುವಾರ ಸ್ವತಃ ಹೋದೆ. ಮಿತ್ರನಿಂದ ಮಾರಾಟದ ಚೀಟಿ ಬರೆಸಿಕೊಂಡೆ. ಚೌಕಟ್ಟಿನ ಮೇಲೆ ಕೊರೆದ ನಂಬರನ್ನು ಅದರಲ್ಲಿ ನಮೂದಿಸಿದೆವು. ಕದ್ದ ಸೈಕಲ್ಲೆಂದು ಯಾರಾದರೂ ತಡೆದರೆ ತೋರಿಸಲು ಆ ಚೀಟಿಯೊಂದೇ ಆಧಾರ. ಪೆಡಲು ಬಿಚ್ಚಿ, ಹ್ಯಾಂಡಲು ತಿರುಗಿಸಿ, ಸರಪಳಿಗೆ ಗೋಣಿಚೀಲ ಸುತ್ತಿದೆ. ಕಂಡಕ್ಟರರು ಒಮ್ಮೆ ನನ್ನನ್ನೂ ಒಮ್ಮೆ ಸೈಕಲ್ಲನ್ನೂ ನೋಡಿ, “ಹತ್ಸೋದೂ ನೀನೇ, ಇಳ್ಸೋದೂ ನೀನೇ, ತಮ್ಮಾ,” ಎಂದರು. ಲಗೇಜಿನ ಟಿಕೇಟು ಹರಿದರು. ನನ್ನ ಹೋಗಿಬರುವ ಖರ್ಚು, ಲಗೇಜು, ಶಿರಸಿಯಲ್ಲಿ ಕುಡಿದ ಚಹಾ ಎಲ್ಲ ಸೇರಿ ೭೦೦ ರೂಪಾಯಿಯ ಒಳಗೆ ಮುಗಿಯಿತು.

ಒಂದು ದಿನವನ್ನೇ ಕಳೆದೆಯಲ್ಲ, ಅದಕ್ಕೆ ಬೆಲೆಯಿಲ್ಲವೇ ಎಂದು ಅರ್ಥಶಾಸ್ತ್ರದ ಗೆಳೆಯನೊಬ್ಬ ವಾದಿಸಿದ. ಇದೆ. ಆದರೆ ಭಾನುವಾರ ನನ್ನಲ್ಲಿತ್ತು, ೧,೯೦೦ ರೂಪಾಯಿ ಇರಲಿಲ್ಲ. ಪುಸ್ತಕದ ಲೆಕ್ಕದಲ್ಲಿ ಈ ಎರಡನ್ನು ಒಂದರ ಬದಲು ಒಂದಿಡಬಹುದು; ನಮ್ಮಂಥವರ ಮನೆಯ ಲೆಕ್ಕದಲ್ಲಿ ಹಾಗಾಗುವುದಿಲ್ಲ. ಮಳೆಗಾಲದಲ್ಲಾಗಿದ್ದರೆ ನಾನೂ ಈ ಸಾಹಸಕ್ಕೆ ಹೋಗುತ್ತಿರಲಿಲ್ಲವೆನ್ನಿ. ಘಟ್ಟದ ಮಳೆಯೂ ಕರಾವಳಿಯ ಉಪ್ಪುಗಾಳಿಯೂ ಸೇರಿದರೆ ಸರಪಳಿಯ ಗತಿ ಮುಗಿದಂತೆ.

ಇನ್ನು ಭಟ್ಕಳ, ಹೊನ್ನಾವರ, ಕುಮಟೆಗಳ ಒಳಗೇ ಸೈಕಲ್ಲು ಕೊಳ್ಳುವವರು ಬಾಡಿಗೆಯ ಮಾತನ್ನೇ ಎತ್ತಬೇಕಾಗಿಲ್ಲ. ಕುಮಟೆಯಿಂದ ಹೊನ್ನಾವರಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರು, ಬ್ರೇಕು ನೋಡಿಕೊಂಡು ತುಳಿದೇ ಬರಬಹುದು. ನಾನೂ ಕುಮಟೆಯಲ್ಲಿಳಿದು, ಪೆಡಲು ಜೋಡಿಸಿ, ಲಾರಿಗಳಿಗೆ ಹೆದರಿ ಹೆದ್ದಾರಿಯ ಅಂಚು ಬಿಡದೆ ತುಳಿದೆ. ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಆಯಿ ಚಿಮಣಿಯೆಣ್ಣೆಯ ಬಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು, ರಿಮ್ಮಿನ ತುಕ್ಕು ತಿಕ್ಕಲು.