ಹೆಣ್ಣುಮಕ್ಕಳೂ ಜಮಾಖರ್ಚಿನ ವಿದ್ಯೆಯೂ

ಮನೆಯ ಲೆಕ್ಕವನ್ನು ಬರೆದಿಡುವ ಅಭ್ಯಾಸವು ನಮ್ಮ ಸ್ತ್ರೀಯರಿಗೆ ಹೊಸದಲ್ಲ. ಹಾಲಿನ ಲೆಕ್ಕ, ದಿನಸಿ ಅಂಗಡಿಯ ಬಾಕಿ, ಚೀಟಿಯ ಕಂತು ಇವೆಲ್ಲವನ್ನೂ ನೆನಪಿಟ್ಟು ಗುರುತು ಹಾಕಿಕೊಳ್ಳುವವರು ಅವರೇ. ಆದರೂ ಡೆಬಿಟ್, ಕ್ರೆಡಿಟ್ ಎಂಬ ಮಾತುಗಳು ಕಿವಿಗೆ ಬಿದ್ದೊಡನೆ, ಇದು ಗುಮಾಸ್ತರ ವಿದ್ಯೆ, ನಮಗೇತಕ್ಕೆ ಎಂದು ಹಿಂಜರಿಯುವವರು ಬಹುಮಂದಿ. ಸೂತ್ರಗಳನ್ನು ಕಾರಣವಿಲ್ಲದೆ ಬಾಯಿಪಾಠ ಮಾಡಿಸುವುದೇ ಈ ಹಿಂಜರಿಕೆಗೆ ಮೂಲವೆಂಬುದು ನಮ್ಮ ಅಭಿಪ್ರಾಯ.

ಇಟಲಿಯ ವರ್ತಕರಲ್ಲಿ ಬಳಕೆಯಲ್ಲಿದ್ದ ಈ ಜೋಡಿ ನಮೂದಿನ ಪದ್ಧತಿಯನ್ನು ಲೂಕಾ ಪಾಚೋಲಿ ಎಂಬ ಫ್ರಾನ್ಸಿಸ್ಕನ್ ಸನ್ಯಾಸಿಯು 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ತನ್ನ ಗಣಿತಗ್ರಂಥದಲ್ಲಿ ವಿವರಿಸಿದನು. ಅದರ ತತ್ತ್ವವು ಸರಳವಾದುದು. ಕೊಡುವವರಿಲ್ಲದೆ ಪಡೆಯುವವರಿಲ್ಲ. ಆದುದರಿಂದ ಪ್ರತಿಯೊಂದು ವ್ಯವಹಾರವನ್ನೂ ಒಂದು ಖಾತೆಯ ಎಡಪಕ್ಕದಲ್ಲಿಯೂ ಮತ್ತೊಂದರ ಬಲಪಕ್ಕದಲ್ಲಿಯೂ ಸಮಮೊತ್ತಕ್ಕೆ ಬರೆಯತಕ್ಕದ್ದು. ಎಡಪಕ್ಕವು ಡೆಬಿಟ್, ಬಲಪಕ್ಕವು ಕ್ರೆಡಿಟ್. ವ್ಯಕ್ತಿಗಳ ಖಾತೆಯಲ್ಲಿ ಪಡೆದವರಿಗೆ ಡೆಬಿಟ್, ಕೊಟ್ಟವರಿಗೆ ಕ್ರೆಡಿಟ್. ಸ್ವತ್ತುಗಳ ಖಾತೆಯಲ್ಲಿ ಒಳಬಂದುದು ಡೆಬಿಟ್, ಹೊರಹೋದುದು ಕ್ರೆಡಿಟ್. ಆದಾಯವೆಚ್ಚಗಳಲ್ಲಿ ವೆಚ್ಚವೂ ನಷ್ಟವೂ ಡೆಬಿಟ್, ಆದಾಯವೂ ಲಾಭವೂ ಕ್ರೆಡಿಟ್.

ಇಷ್ಟನ್ನು ಮಗ್ಗಿಯಂತೆ ಒಪ್ಪಿಸಿದ ಹುಡುಗಿಯು ಬ್ಯಾಂಕಿನ ಪಾಸ್‌ಪುಸ್ತಕವನ್ನು ತೆರೆದೊಡನೆ ಬೆರಗಾಗುವಳು. ತಾನು ಕಟ್ಟಿದ 1,000 ರೂಪಾಯಿಯನ್ನು ತನ್ನ ಪುಸ್ತಕದಲ್ಲಿ ಬ್ಯಾಂಕಿಗೆ ಡೆಬಿಟ್ ಎಂದು ಬರೆದಿರುವಳು. ಪಾಸ್‌ಪುಸ್ತಕದಲ್ಲಿ ಅದೇ ಹಣವು ಕ್ರೆಡಿಟ್ ಆಗಿರುವುದು. ಇಲ್ಲಿ ತಪ್ಪೇನೂ ಇಲ್ಲ. ಪಾಸ್‌ಪುಸ್ತಕವು ಬ್ಯಾಂಕಿನವರ ಲೆಕ್ಕದ ಪ್ರತಿ; ಅವರ ದೃಷ್ಟಿಯಲ್ಲಿ ಕೊಟ್ಟವಳು ಇವಳು, ಸಾಲಗಾರರು ಅವರು. ಯಾರ ಪುಸ್ತಕ ಎಂದು ಮೊದಲು ಕೇಳಲು ಕಲಿತವಳಿಗೆ ಸೂತ್ರಗಳು ಎಂದಿಗೂ ಮರೆಯವು.

ಇನ್ನೊಂದು ಮಾತನ್ನೂ ಆಕೆ ಕಲಿಯಬೇಕು. ಎರಡು ಪಕ್ಕಗಳ ಮೊತ್ತವು ತಾಳೆಯಾದ ಮಾತ್ರಕ್ಕೆ ಲೆಕ್ಕವು ಸತ್ಯವಾಗದು. ಸಂಘದ 200 ರೂಪಾಯಿಯನ್ನು ಯಾರೋ ತಮ್ಮ ಮನೆಗೆ ಬಳಸಿ, ಹೊಲಿಗೆಯಂತ್ರದ ದುರಸ್ತಿಗೆಂದು ಬರೆದರೂ ತಾಳೆಪಟ್ಟಿಯು ಸರಿಯಾಗಿಯೇ ಬರುವುದು. ಒಂದು ವ್ಯವಹಾರವನ್ನು ಪೂರ್ತಿಯಾಗಿ ಬರೆಯದೆ ಬಿಟ್ಟರೂ ಹಾಗೆಯೇ. ರಶೀತಿಯನ್ನು ನೋಡುವ ಕಣ್ಣೂ ಪ್ರಶ್ನಿಸುವ ಧೈರ್ಯವೂ ಬೇಕು.

ಇದು ಕೇವಲ ಪಾಠದ ಮಾತಲ್ಲ. 2000-01ರಲ್ಲಿ ಕರ್ನಾಟಕ ಸರ್ಕಾರವು ಸ್ತ್ರೀಶಕ್ತಿ ಯೋಜನೆಯನ್ನು ಆರಂಭಿಸಿದ ಮೇಲೆ ಹಳ್ಳಿಹಳ್ಳಿಗಳಲ್ಲಿ ಸ್ತ್ರೀಯರು ಗುಂಪುಗೂಡಿ ಹಣವನ್ನು ಉಳಿಸಿ, ಪರಸ್ಪರ ಸಾಲ ಕೊಟ್ಟು ತೆಗೆದುಕೊಳ್ಳುತ್ತ ಬಂದಿರುವರು. ಪುಸ್ತಕವನ್ನು ಓದಬಲ್ಲವಳು ಒಬ್ಬಳೇ ಆದರೆ, ಉಳಿದವರ ಉಳಿತಾಯವು ಅವಳ ಪ್ರಾಮಾಣಿಕತೆಯೊಂದನ್ನೇ ನಂಬಿ ನಿಲ್ಲಬೇಕಾಗುವುದು. ಪತಿಯು ತೀರಿಕೊಂಡ ಮೇಲೆ ಅಂಗಡಿಯ ಲೆಕ್ಕವು ಅರ್ಥವಾಗದೆ, ಇತರರು ಬರೆದಲ್ಲಿ ಸಹಿ ಹಾಕುವ ಸ್ತ್ರೀಯ ಅವಸ್ಥೆಯೂ ಇಂಥದೇ.

ಈಗ ಗಣಕಯಂತ್ರವು ಕ್ಷಣದಲ್ಲಿ ಕೂಡಿ ಕಳೆಯುವುದು, ಕಲಿಯುವ ಶ್ರಮವೇಕೆ ಎನ್ನುವವರುಂಟು. ಯಂತ್ರವು ಕೂಡಬಲ್ಲುದು, ಆ 200 ರೂಪಾಯಿ ನಿಜವಾಗಿ ದುರಸ್ತಿಗೆ ಹೋಯಿತೇ ಎಂಬುದನ್ನು ಅರಿಯಲಾರದು.

ಆದಕಾರಣ ಈ ವಿದ್ಯೆಯನ್ನು ವಾಣಿಜ್ಯ ತರಗತಿಗಳಿಗೆ ಮಾತ್ರ ಬಿಡದೆ, ಹೈಸ್ಕೂಲು ಮುಗಿಸುವ ಪ್ರತಿಯೊಬ್ಬ ಹುಡುಗಿಗೂ ಕಾರಣಸಹಿತವಾಗಿ ಕಲಿಸತಕ್ಕದ್ದೆಂದು ನಾವು ಬಿನ್ನವಿಸುತ್ತೇವೆ. ತಾಯಿತಂದೆಗಳು ಮನೆಯ ಲೆಕ್ಕದ ಪುಸ್ತಕವನ್ನು ಮಗಳ ಕೈಗೆ ಕೊಡಲಿ. ಹಳೆಯ ವಿದ್ಯಾರ್ಥಿನಿಯರು ತಮ್ಮ ಊರಿನ ಸಂಘಗಳಲ್ಲಿ ಇನ್ನೊಬ್ಬಳಿಗಾದರೂ ಅದನ್ನು ಓದಲು ಕಲಿಸಲಿ.