ಒಳಗಿನ ಗಾಯಕ್ಕೂ ಸಭೆಯಲ್ಲಿ ಜಾಗ ಬೇಕು



ಕೈ ಮುರಿದರೆ ಆಸ್ಪತ್ರೆಯಲ್ಲಿ ಸರ್ಟಿಫಿಕೇಟು ಕೊಡ್ತಾರೆ. ಗುಡಿಸಲು ಸುಟ್ಟರೆ ಬಂದು ಮಹಜರು ಬರೀತಾರೆ. ನಾಲ್ಕು ಜನರ ಮುಂದೆ ಜಾತಿ ಹಿಡಿದು ಬೈದರೆ ಅದಕ್ಕೂ ಕಾನೂನಿದೆ. 1989ರ ದೌರ್ಜನ್ಯ ತಡೆ ಕಾಯ್ದೆ ಅವಮಾನ ಮಾಡುವುದನ್ನೇ ಅಪರಾಧ ಅಂತ ಒಪ್ಪಿಕೊಂಡಿದೆ. ಇದು ಸಣ್ಣ ಮಾತಲ್ಲ. ಆದರೆ ಕೇಸು ಮುಗಿದು, ಸಾಕ್ಷಿಗಳು ತಿರುಗಿ ಬಿದ್ದೋ ಅಥವಾ ಗೆದ್ದೇ ಗೆದ್ದೋ, ಪರಿಹಾರದ ಹಣವೂ ಬಂದ ಮೇಲೆ, ಆ ಮನುಷ್ಯ ನಡುರಾತ್ರಿ ಎದ್ದು ಕೂರ್ತಾನಲ್ಲ, ಅದರ ಮಹಜರು ಯಾರು ಬರೀತಾರೆ?

ಈ ಸಲ ನಾವು ಅದರ ಬಗ್ಗೆಯೇ ಬರೀತಿದ್ದೇವೆ. ಭೂಮಿ, ಕೂಲಿ, ಮೀಸಲಾತಿ, ಸ್ಮಶಾನದ ಜಾಗ ಇವೆಲ್ಲ ಇರುವಾಗ ಇದೇನು ಅಳುವ ವಿಷಯ ತಂದರು ಅಂತ ಕೆಲವು ಸಂಗಾತಿಗಳು ಕೇಳಬಹುದು. ಮನಸ್ಸಿನ ನೋವು ಅಂದ್ರೆ ಹೊಟ್ಟೆ ತುಂಬಿದವರ ಕಾಯಿಲೆ ಅಂತಲೂ ಅನ್ನಬಹುದು. ಒಂದು ಸಲ ತಾಲ್ಲೂಕು ಕಚೇರಿಗೆ ಹೋಗಿ ನೋಡಿ. ಖಾಲಿ ಕುರ್ಚಿ ಇದೆ, ನಮ್ಮ ಹಿರಿಯರು ಗೋಡೆಗೆ ಒರಗಿ ನಿಂತಿರ್ತಾರೆ. ಕೂತ್ಕೊ ಅಂದ್ರೂ ಕೂರಲ್ಲ. ಕೇರಿಯಲ್ಲಿ ಗುಡುಗುವ ದನಿ ಗುಮಾಸ್ತನ ಮುಂದೆ ಇಳಿದು ಹೋಗುತ್ತೆ. ಕುರ್ಚಿ ಮೇಲೆ ಕೂರಲು ಹೆದರುವವನು ದರಖಾಸ್ತು ಜಮೀನು ಹೇಗೆ ಕೇಳ್ತಾನೆ? ಭೂಮಿಯ ಪ್ರಶ್ನೆ ಬೇರೆ, ಈ ಪ್ರಶ್ನೆ ಬೇರೆ ಅಂತ ನಮಗೇನೂ ಅನ್ನಿಸೋದಿಲ್ಲ.

ಹೀಗೆ ಕುಗ್ಗುವುದು ಅವರ ಹುಟ್ಟುಗುಣವಲ್ಲ. ಯಾವ ಮಗುವೂ ತಾಯಿ ಹೊಟ್ಟೆಯಿಂದ ಕೈಕಟ್ಟಿಕೊಂಡು ಹೊರಗೆ ಬರೋದಿಲ್ಲ. ಕಲಿಸಿದ್ದು. ಬೇರೆ ಲೋಟ ಕೊಟ್ಟು ಕಲಿಸಿದ್ದು, ಮೇಲಿಂದ ನೀರು ಹೊಯ್ದು ಕಲಿಸಿದ್ದು, ಅಪ್ಪನ ವಯಸ್ಸಿನವರನ್ನು ಚಿಕ್ಕ ಹುಡುಗರು ಏಕವಚನದಲ್ಲಿ ಕರೆದು ಕಲಿಸಿದ್ದು. ಓದಿ ಪಟ್ಟಣ ಸೇರಿದವರಿಗೆ ಇದೇ ಪಾಠ ಬೇರೆ ರೀತಿ. ಬಾಡಿಗೆ ಮನೆ ಕೇಳಲು ಹೋದರೆ "ನೀವು ಯಾವ ಕಡೆಯವರು, ಏನು ಊಟ ಮಾಡ್ತೀರಿ" ಅಂತ ನಗ್ತಾ ನಗ್ತಾ ಕೇಳ್ತಾರೆ. ಆಮೇಲೆ ಹೆಸರು ಅರ್ಧ ಹೇಳೋದು, ಕಿಟಕಿ ಮುಚ್ಚಿ ಅಡುಗೆ ಮಾಡೋದು, ಊರಿಂದ ಅವ್ವ ಬರ್ತೀನಿ ಅಂದ್ರೆ ಎದೆ ಡವಗುಟ್ಟೋದು. ಅವ್ವ ಬಂದರೆ ಎಲ್ಲಿ ಗೊತ್ತಾಗಿಬಿಡುತ್ತೋ ಅಂತ! ಹೆತ್ತವಳನ್ನೇ ಬಚ್ಚಿಡಬೇಕಾದ ಮಗನ ಒಳಗೆ ಏನು ನಡೀತಿರುತ್ತೆ ಅನ್ನೋದನ್ನ ಯಾರೂ ಕೇಳಿಲ್ಲ.

ಬಾಬಾಸಾಹೇಬರ ಪ್ರತಿಮೆ ಬೆರಳು ಎತ್ತಿ ನಿಂತಿರೋದನ್ನ ನಾವೆಲ್ಲ ನೋಡಿದ್ದೇವೆ. ತೋಟದಲ್ಲಿ ಒಬ್ಬರೇ ಕೂತ ಬಾಬಾಸಾಹೇಬರ ಪ್ರತಿಮೆಯನ್ನು ನಾವು ಎಲ್ಲೂ ಕಂಡಿಲ್ಲ. 1917ರಲ್ಲಿ ಕೊಲಂಬಿಯಾ, ಲಂಡನ್ನುಗಳಲ್ಲಿ ಓದಿ ಬಂದು ಬರೋಡ ಸಂಸ್ಥಾನದ ನೌಕರಿಗೆ ಹೋದರು. ಇರಲು ಜಾಗ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಬರೆಸಿ ಸೇರಿಕೊಂಡರು. ಕೆಲವೇ ದಿನಕ್ಕೆ ಹತ್ತಾರು ಜನ ದೊಣ್ಣೆ ಹಿಡಿದು ಬಾಗಿಲಿಗೆ ಬಂದರು. ಸಂಜೆಯೊಳಗೆ ಖಾಲಿ ಮಾಡು ಅಂದರು. ಇಬ್ಬರು ಗೆಳೆಯರನ್ನು ಕೇಳಿದರು, ಇಬ್ಬರೂ ನೆಪ ಹೇಳಿದರು. ರೈಲು ಹೊರಡುವ ತನಕ ಕಾಮಾಟಿ ಬಾಗ್ ಎಂಬ ತೋಟದಲ್ಲಿ ಕೂತು, ರಾತ್ರಿ ಮುಂಬೈಗೆ ವಾಪಸ್ಸಾದರು.

ಇದನ್ನು ನಮಗೆ ಹೇಳಿದವರು ಬೇರೆ ಯಾರೂ ಅಲ್ಲ, ಸ್ವತಃ ಬಾಬಾಸಾಹೇಬರೇ. 'ವೇಟಿಂಗ್ ಫಾರ್ ಎ ವೀಸಾ' ಅನ್ನುವ ಆತ್ಮಕಥನದ ತುಣುಕುಗಳಲ್ಲಿ ಬರೆದಿಟ್ಟರು. ಅದು ಪುಸ್ತಿಕೆಯಾಗಿ ಬಂದದ್ದು ಅವರು ಹೋಗಿ ಎಷ್ಟೋ ವರ್ಷವಾದ ಮೇಲೆ, 1990ರಲ್ಲಿ. ಹದಿನೆಂಟು ವರ್ಷ ಕಳೆದರೂ ಆ ದೃಶ್ಯ ಮಾಸಿಲ್ಲ, ನೆನೆದಾಗಲೆಲ್ಲ ಕಣ್ಣು ತುಂಬುತ್ತೆ ಅಂತ ಮುಚ್ಚುಮರೆ ಇಲ್ಲದೆ ಒಪ್ಪಿಕೊಂಡಿದ್ದಾರೆ. ಹೆಸರು ಮರೆಸಿದ್ದನ್ನೂ ಬರೆದರು, ಹೆದರಿ ಬೇಡಿಕೊಂಡಿದ್ದನ್ನೂ ಬರೆದರು. ಅಷ್ಟು ಓದಿದವರಿಗೆ, ಅಷ್ಟು ಗಟ್ಟಿ ಮನುಷ್ಯರಿಗೆ ಹದಿನೆಂಟು ವರ್ಷಕ್ಕೂ ಮಾಸದ ಗಾಯ ನಮ್ಮ ಹಾಸ್ಟೆಲ್ ಹುಡುಗನಿಗೆ ಹದಿನೆಂಟು ದಿನದಲ್ಲಿ ಮಾಯಬೇಕು ಅನ್ನೋದು ಯಾವ ನ್ಯಾಯ? "ಗಂಡಸಾಗಿ ಅಳ್ತೀಯೇನೋ" ಅನ್ನುವವರು ಆ ಪುಟಗಳನ್ನು ಒಂದು ಸಲ ಓದಲಿ.

ಹೇಳಿಕೊಳ್ಳದ ಗಾಯ ಸುಮ್ಮನೆ ಇರೋದಿಲ್ಲ. ದಾರಿ ಹುಡುಕುತ್ತೆ. ಹೆಚ್ಚು ಸಲ ಅದು ಹೋಗೋದು ಹೆಂಡದಂಗಡಿಗೆ. 2007ರಲ್ಲಿ ಸಾರಾಯಿ ನಿಷೇಧ ಆಯ್ತು, ನಮ್ಮ ಹೆಣ್ಣುಮಕ್ಕಳು ನಿಟ್ಟುಸಿರು ಬಿಟ್ಟರು. ಈಗ ಅದೇ ದುಡ್ಡು ವಿಸ್ಕಿ ಪೊಟ್ಟಣಕ್ಕೆ ಹೋಗ್ತಿದೆ. ಅಂಗಡಿಯಿಂದ ಅದು ಮನೆಗೆ ಬರುತ್ತೆ. ಗೌಡನ ಜಗಲಿ ಕೆಳಗೆ ತಿಂದ ಬೈಗುಳವನ್ನು ತಂದು ಹೆಂಡತಿಯ ಬೆನ್ನ ಮೇಲೆ ಇಳಿಸುವವನಿದ್ದಾನೆ. ಅವಳೂ ಅದೇ ಗೌಡನ ಹೊಲದಲ್ಲಿ ಕಳೆ ಕಿತ್ತು ಅದೇ ಬೈಗುಳ ತಿಂದು ಬಂದಿರ್ತಾಳೆ. ಅವಳಿಗೆ ಎರಡು ಪಾಲು. ಅವಳು ಯಾರ ಬೆನ್ನ ಮೇಲೆ ಇಳಿಸಬೇಕು? ವೇದಿಕೆ ಮೇಲೆ ಜೈಭೀಮ್ ಕೂಗಿ ಮನೆಯಲ್ಲಿ ಕೈ ಎತ್ತುವವನಿಗೆ ತನ್ನ ಸಿಟ್ಟು ಎಲ್ಲಿಂದ ಹುಟ್ಟಿದ್ದು, ಎಲ್ಲಿಗೆ ಹೋಗಬೇಕಿತ್ತು ಅನ್ನೋದೇ ಗೊತ್ತಿಲ್ಲ. ಅದು ಗೊತ್ತಾಗೋದನ್ನೇ ನಾವು ತನ್ನನ್ನು ತಾನು ಅರಿಯೋದು ಅಂತೀವಿ. ಇದಕ್ಕೆ ಹಿಮಾಲಯದ ಗುಹೆ ಬೇಕಿಲ್ಲ, ಸ್ವಾಮಿಗಳ ಪ್ರವಚನವೂ ಬೇಡ.

ಇನ್ನೊಂದು ದಾರಿ ಇದೆ, ಅದನ್ನು ಬರೆಯಲು ಕೈ ನಡುಗುತ್ತೆ. 2016ರ ಜನವರಿ 17ರಂದು ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ರೋಹಿತ್ ವೇಮುಲ ಹೋದ. 2019ರ ಮೇ ತಿಂಗಳಲ್ಲಿ ಮುಂಬೈಯಲ್ಲಿ ವೈದ್ಯೆ ಪಾಯಲ್ ತಡ್ವಿ ಹೋದಳು. ಇಬ್ಬರೂ ಓದಿನಲ್ಲಿ ಮೇಲೆ ಬಂದವರು. ಅವರನ್ನು ದುರ್ಬಲರು ಅನ್ನುವವರ ಮಾತಿಗೆ ನಾವು ಉತ್ತರ ಕೊಡೋದಿಲ್ಲ. ಅವರ ತಾಯಂದಿರ ಕಡೆ ನೋಡಿ. ರಾಧಿಕಾ ವೇಮುಲ ಆಂಧ್ರದವರು, ಆಬೇದಾ ತಡ್ವಿ ಮಹಾರಾಷ್ಟ್ರದ ಆದಿವಾಸಿ ಮುಸ್ಲಿಂ ಹೆಣ್ಣುಮಗಳು. ಭಾಷೆ ಬೇರೆ, ಧರ್ಮ ಬೇರೆ, ಊರು ಬೇರೆ. 2019ರಲ್ಲೇ ಇಬ್ಬರೂ ಸೇರಿ, ಕಾಲೇಜುಗಳಲ್ಲಿ ಜಾತಿ ತಾರತಮ್ಯ ತಡೀರಿ ಅಂತ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಮಕ್ಕಳನ್ನು ಕಳಕೊಂಡ ಇಬ್ಬರು ತಾಯಂದಿರು ಒಬ್ಬರ ಪಕ್ಕ ಒಬ್ಬರು ನಿಂತರಲ್ಲ, ಮನುಷ್ಯ ಸಂಬಂಧ ಅಂದ್ರೆ ನಮಗೆ ಮೊದಲು ನೆನಪಾಗೋದು ಅದು.

ಹಾಗಾದರೆ ನಾವು ಮಾಡಬೇಕಾದ್ದು ಏನು? ನಮ್ಮ ಕೇರಿಗೆ ಇದು ಹೊಸದಲ್ಲ. ಸಾವಿನ ಮನೆಯಲ್ಲಿ ನಮ್ಮ ಅವ್ವಂದಿರು ಸತ್ತವರ ಕತೆ ಹೇಳಿ ಹೇಳಿ ಅಳ್ತಾರೆ; ಬಂದವರು ಅವರ ಜೊತೆ ಕೂತು ಅಳ್ತಾರೆ, ಯಾರೂ ಸಾಕು ಸುಮ್ನಿರು ಅನ್ನಲ್ಲ. ಸತ್ತವರಿಗೆ ಸಿಗುವ ಈ ಮರ್ಯಾದೆ ಬದುಕಿರುವವರ ನೋವಿಗೂ ಸಿಗಲಿ. ತಿಂಗಳ ಸಭೆಯಲ್ಲಿ ಭಾಷಣಗಳನ್ನು ಅರ್ಧ ಗಂಟೆ ಮೊಟಕು ಮಾಡಿ. ಮೈಕು ಆರಿಸಿ, ಚಾಪೆ ಮೇಲೆ ದುಂಡಗೆ ಕೂರಿ. ಹೆಂಗಸರು ಮೊದಲು ಮಾತಾಡಲಿ. ಅವರೇ ಬೇರೆ ಕೂರ್ತೀವಿ ಅಂದ್ರೆ ಬೇರೆ ಕೂರಲಿ. ಹೇಳುವವರನ್ನು ನಡುವೆ ತಡೆದು "ನಂಗೂ ಹಂಗೇ ಆಗಿತ್ತು ಬಿಡು" ಅನ್ನಬೇಡಿ. ಬುದ್ಧಿ ಹೇಳಬೇಡಿ. ಅಲ್ಲಿ ಕೇಳಿದ್ದು ಟೀ ಅಂಗಡಿಗೆ ಹೋಗಬಾರದು, ಇದು ಮಾತ್ರ ಕಟ್ಟುನಿಟ್ಟು. ಬೇರೆ ಜಾತಿಯ ಗೆಳೆಯರು ಬಂದರೆ ಬರಲಿ, ಕೇಳಿಸಿಕೊಳ್ಳಲಿ. ತಮ್ಮ ಜಾತಿಯವರ ಪರವಾಗಿ ಕ್ಷಮೆ ಕೇಳುವ ಭಾಷಣ ಅಲ್ಲಿ ಶುರು ಮಾಡೋದು ಬೇಡ. ಮಾತೇ ಆಡದವರನ್ನು ಒತ್ತಾಯ ಮಾಡಬೇಡಿ. ತಮಟೆ ಇದ್ದರೆ ಕೊನೆಗೆ ಒಂದು ಹಾಡು ಆಗಲಿ, ನಗುವೂ ಬರಲಿ. ಸಿದ್ಧಲಿಂಗಯ್ಯನವರ 'ಊರುಕೇರಿ' ಓದಿದವರಿಗೆ ಗೊತ್ತು, ನೊಗಕ್ಕೆ ಹೆಗಲು ಕೊಟ್ಟ ಅಪ್ಪನನ್ನು ಕಂಡ ಮಗ ಅಷ್ಟೊಂದು ನಗಿಸುತ್ತಲೇ ನಮ್ಮ ಕತೆ ಹೇಳಿದರು.

ಮಾತಿಗೆ ಬಗ್ಗದ ನೋವೂ ಇರುತ್ತೆ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರ್ತಿಲ್ಲ, ಸತ್ತರೆ ಸಾಕು ಅಂತ ಬಾಯಲ್ಲಿ ಬಂತು ಅಂದ್ರೆ ಅಲ್ಲಿಗೆ ಡಾಕ್ಟರು ಬೇಕು. ದೆವ್ವ ಬಿಡಿಸುವವನಲ್ಲ, ತಾಯತ ಕಟ್ಟುವವನೂ ಅಲ್ಲ. ಹಳ್ಳಿಯವರಿಗೆ ಮನಸ್ಸಿನ ವೈದ್ಯ ಹತ್ತಿರದಲ್ಲೇ ಸಿಗಬೇಕು ಅಂತ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಮಾಡಿ ತೋರಿಸಿದರು. ಅದರ ಮಾದರಿಯಲ್ಲೇ 1996ರಿಂದ ದೇಶದ ಬೇರೆ ಜಿಲ್ಲೆಗಳಲ್ಲೂ ಕಾರ್ಯಕ್ರಮ ಬಂತು. ಜಿಲ್ಲಾಸ್ಪತ್ರೆಯಲ್ಲಿ ಕೇಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಜಾತಿಯ ಭೇದ ಮಾಡದೆ ಚಿಕಿತ್ಸೆ ಪಡೆಯೋದು ಹಕ್ಕು ಅಂತ ಹೇಳುತ್ತೆ. ಸಾಯಲು ಹೋಗಿ ಉಳಿದವರನ್ನು ಅಪರಾಧಿ ಅಂತ ನೋಡಬಾರದು, ತೀವ್ರ ಒತ್ತಡದಲ್ಲಿದ್ದವರು ಅಂತ ತಿಳಿಯಬೇಕು ಅಂತಲೂ ಅದರಲ್ಲಿದೆ. 2022ರಲ್ಲಿ ಶುರುವಾದ ಟೆಲಿ ಮಾನಸ್‌ನ ನಂಬರು 14416. ದುಡ್ಡಿಲ್ಲ, ಹಗಲು ರಾತ್ರಿ, ಕನ್ನಡದಲ್ಲೂ ಮಾತಾಡ್ತಾರೆ. ಈ ನಂಬರನ್ನು ಹಾಸ್ಟೆಲಿನ ಗೋಡೆ ಮೇಲೆ ಬಾಬಾಸಾಹೇಬರ ಪಟದ ಪಕ್ಕದಲ್ಲೇ ದೊಡ್ಡದಾಗಿ ಬರೆಯಿರಿ.

ಆಸ್ಪತ್ರೆಗೆ ಒಬ್ಬರನ್ನೇ ಕಳಿಸಬೇಡಿ. ಡಾಕ್ಟರ ಮುಂದೆಯೂ ಕುರ್ಚಿ ಇರುತ್ತೆ, ಅಲ್ಲೂ ನಿಂತೇ ಇರ್ತಾರೆ. ಜೊತೆಗೆ ಹೋದವರು ಮೊದಲು ತಾವು ಕೂತು, ಆಮೇಲೆ ಅವರನ್ನೂ ಕೂರಿಸಿ.