ಇಳಿಜಾರಿನಲ್ಲಿ ಲಾರಿಯನ್ನು ನ್ಯೂಟ್ರಲ್‌ಗೆ ಹಾಕಿದರೆ ಡೀಸೆಲ್ ಉಳಿಯುತ್ತದೆಯೇ?

‘ಘಾಟಿ ಇಳಿಯುವಾಗ ಗೇರ್ ನ್ಯೂಟ್ರಲ್ ಮಾಡಿ, ಸಾಧ್ಯವಾದರೆ ಎಂಜಿನ್ ಕೂಡ ಆಫ್ ಮಾಡಿ. ಒಂದು ಟ್ರಿಪ್‌ಗೆ ಲೀಟರ್‌ಗಟ್ಟಲೆ ಡೀಸೆಲ್ ಉಳಿಯುತ್ತದೆ.’ ಲಾರಿ ಚಾಲಕರ ಮತ್ತು ಮಾಲೀಕರ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಸಲಹೆ ಆಗಾಗ ಕಾಣಿಸುತ್ತದೆ. ಹಳೆಯ ಚಾಲಕರು ಕ್ಲೀನರ್ ಹುಡುಗರಿಗೆ ಹೇಳಿಕೊಡುವ ಪಾಠವೂ ಇದೇ. ಇದರಲ್ಲಿ ನಿಜವೆಷ್ಟು?

ಎಂಜಿನ್ ಒಳಗೆ ಏನಾಗುತ್ತದೆ?

ಲಾರಿ ಗೇರ್‌ನಲ್ಲಿದ್ದು ನೀವು ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಎಂಜಿನ್ ನಿಲ್ಲುವುದಿಲ್ಲ. ಚಕ್ರಗಳೇ ಅದನ್ನು ತಿರುಗಿಸುತ್ತಿರುತ್ತವೆ. ಹಾಗಾಗಿ ಎಲೆಕ್ಟ್ರಾನಿಕ್ ಇಂಜೆಕ್ಷನ್ ಇರುವ ಇಂದಿನ ಎಂಜಿನ್‌ಗಳು ಆ ಹೊತ್ತಿನಲ್ಲಿ ಡೀಸೆಲ್ ಸಿಂಪಡಿಸುವುದನ್ನೇ ನಿಲ್ಲಿಸುತ್ತವೆ. ಹಳೆಯ ಪಂಪ್ ಎಂಜಿನ್‌ಗಳಲ್ಲೂ ಗವರ್ನರ್ ಹೆಚ್ಚುಕಡಿಮೆ ಇದೇ ಕೆಲಸ ಮಾಡುತ್ತಿತ್ತು.

ನ್ಯೂಟ್ರಲ್‌ನಲ್ಲಿ ಚಕ್ರಕ್ಕೂ ಎಂಜಿನ್‌ಗೂ ಸಂಬಂಧವೇ ಇರುವುದಿಲ್ಲ. ಎಂಜಿನ್ ಆರಿಹೋಗದಂತೆ ಐಡಲ್‌ನಲ್ಲಿ ಓಡಲು ಡೀಸೆಲ್ ಬೇಕೇ ಬೇಕು. ಅಂದರೆ ಕಡಿದಾದ ಇಳಿಜಾರಿನಲ್ಲಿ ಡೀಸೆಲ್ ಖರ್ಚಾಗುವುದು ನ್ಯೂಟ್ರಲ್‌ನಲ್ಲೇ, ಗೇರ್‌ನಲ್ಲಲ್ಲ.

ಹಾಗಾದರೆ ಈ ನಂಬಿಕೆ ಬಂದದ್ದು ಎಲ್ಲಿಂದ? ಕಾರ್ಬ್ಯುರೇಟರ್ ಇದ್ದ ಹಳೆಯ ಪೆಟ್ರೋಲ್ ವಾಹನಗಳಲ್ಲಿ ಕಾಲು ತೆಗೆದರೂ ಎಂಜಿನ್ ಸ್ವಲ್ಪ ಪೆಟ್ರೋಲ್ ಎಳೆದುಕೊಳ್ಳುತ್ತಿತ್ತು. ಅಲ್ಲಿ ಈ ಮಾತಿಗೆ ಒಂದಿಷ್ಟು ಅರ್ಥವಿತ್ತು. ಕೆಲವು ಹೊಸ ಟ್ರಕ್‌ಗಳಲ್ಲಿ ‘ಇಕೋ ರೋಲ್’ ಎಂಬ ವ್ಯವಸ್ಥೆ ತಾನಾಗಿಯೇ ನ್ಯೂಟ್ರಲ್‌ಗೆ ಹೋಗುವುದೂ ನಿಜ. ಆದರೆ ಅದು ತೀರಾ ಸಣ್ಣ ಇಳಿಜಾರಿನಲ್ಲಿ ಮಾತ್ರ ಕೆಲಸ ಮಾಡುತ್ತದೆ. ವೇಗ ಹೆಚ್ಚಿದರೆ ಅಥವಾ ಬ್ರೇಕ್ ಒತ್ತಿದರೆ ಕಂಪ್ಯೂಟರೇ ಮತ್ತೆ ಗೇರ್ ಹಾಕುತ್ತದೆ. ಘಾಟಿಯಲ್ಲಿ ಚಾಲಕ ಕೈಯಾರೆ ನ್ಯೂಟ್ರಲ್ ಮಾಡುವುದಕ್ಕೂ ಇದಕ್ಕೂ ಹೋಲಿಕೆಯಿಲ್ಲ.

ಅಪಾಯ ಎಲ್ಲಿದೆ?

ಒಂದು ಲೆಕ್ಕ ನೋಡೋಣ. ಲೋಡ್ ಸೇರಿ 25 ಟನ್ ತೂಗುವ ಲಾರಿ ಶಿರಾಡಿಯಂಥ ಘಾಟಿಯಲ್ಲಿ 500 ಮೀಟರ್ ಎತ್ತರದಷ್ಟು ಕೆಳಗಿಳಿಯಿತು ಎಂದುಕೊಳ್ಳಿ. ಆಗ ಬಿಡುಗಡೆಯಾಗುವ ಶಕ್ತಿ ಸುಮಾರು 12 ಕೋಟಿ ಜೌಲ್. ಇಷ್ಟು ಶಕ್ತಿಯಿಂದ 390 ಲೀಟರ್‌ನಷ್ಟು ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು. ಗಾಳಿ ಮತ್ತು ಟೈರಿನ ಘರ್ಷಣೆ ಇದರಲ್ಲಿ ಒಂದು ಪಾಲನ್ನು ತಗ್ಗಿಸುತ್ತವೆ. ಗೇರ್‌ನಲ್ಲಿದ್ದರೆ ಎಂಜಿನ್ ಮತ್ತು ಎಕ್ಸಾಸ್ಟ್ ಬ್ರೇಕ್ ದೊಡ್ಡ ಪಾಲನ್ನು ಹೊರುತ್ತವೆ. ನ್ಯೂಟ್ರಲ್‌ನಲ್ಲಾದರೆ ಆ ಪಾಲೂ ಬ್ರೇಕ್ ಡ್ರಮ್‌ಗಳ ಮೇಲೆ ಬೀಳುತ್ತದೆ. ಕಾದ ಡ್ರಮ್ ಹಿಗ್ಗುತ್ತದೆ, ಲೈನರ್ ಹಿಡಿತ ಕಳೆದುಕೊಳ್ಳುತ್ತದೆ. ಪೆಡಲ್ ಪೂರ್ತಿ ಒತ್ತಿದರೂ ಲಾರಿ ನಿಲ್ಲುವುದಿಲ್ಲ. ‘ಬ್ರೇಕ್ ಫೇಲ್’ ಎಂದು ನಾವು ಕೇಳುವ ಅನೇಕ ಪ್ರಕರಣಗಳಲ್ಲಿ ನಡೆದಿರುವುದು ಇದೇ.

ಎಂಜಿನ್ ಆಫ್ ಮಾಡಿದರಂತೂ ಇನ್ನೂ ಕಷ್ಟ. ಏರ್ ಬ್ರೇಕ್‌ಗೆ ಗಾಳಿ ತುಂಬುವ ಕಂಪ್ರೆಸರ್ ನಡೆಯುವುದು ಎಂಜಿನ್‌ನಿಂದ. ಅದು ನಿಂತರೆ ಪ್ರತಿ ಸಲ ಬ್ರೇಕ್ ಒತ್ತಿದಾಗಲೂ ಟ್ಯಾಂಕಿನಲ್ಲಿರುವ ಗಾಳಿ ಕಡಿಮೆಯಾಗುತ್ತಾ ಹೋಗುತ್ತದೆ. ಪವರ್ ಸ್ಟೀರಿಂಗ್ ಕೂಡ ಬಿಗಿಯಾಗುತ್ತದೆ. ವೇಗ ಹೆಚ್ಚಿದ ಮೇಲೆ ಮತ್ತೆ ಗೇರ್ ಹಾಕಲು ಹೋದರೆ ಅದು ಕೂರುವುದೇ ಇಲ್ಲ.

2022ರ ನವೆಂಬರ್ 20ರ ರಾತ್ರಿ ಪುಣೆಯ ನವಲೆ ಸೇತುವೆ ಬಳಿ, ಬೆಂಗಳೂರು–ಮುಂಬೈ ಹೆದ್ದಾರಿಯಲ್ಲಿ, ಲಾರಿಯೊಂದು ಹತ್ತಾರು ವಾಹನಗಳಿಗೆ ಡಿಕ್ಕಿ ಹೊಡೆದಿತ್ತು. ಮೊದಲು ಬ್ರೇಕ್ ಫೇಲ್ ಆಗಿರಬಹುದು ಎನ್ನಲಾಗಿತ್ತು. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಂದಿದ್ದೇ ಕಾರಣ ಎಂಬುದು ಪ್ರಾಥಮಿಕ ತನಿಖೆಯಲ್ಲಿ ಕಂಡುಬಂದಿತ್ತು.

ಹಾಗಾದರೆ ಡೀಸೆಲ್ ಉಳಿಸುವುದು ಹೇಗೆ?

ವೇಗ: ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ. ಗಂಟೆಗೆ 60 ಕಿ.ಮೀ. ವೇಗದಿಂದ 80ಕ್ಕೆ ಹೋದರೆ ಅದು ಸುಮಾರು ಶೇ. 78ರಷ್ಟು ಹೆಚ್ಚುತ್ತದೆ. ಹದವಾದ ಒಂದೇ ವೇಗ, ಎತ್ತರದ ಗೇರ್, ಮುಂದಿನ ಸಿಗ್ನಲ್ ಅಥವಾ ಟೋಲ್ ಕಂಡಾಗಲೇ ಕಾಲು ತೆಗೆಯುವುದು: ಇವು ಯಾವ ಖರ್ಚೂ ಇಲ್ಲದ ಉಪಾಯಗಳು.

ಐಡಲಿಂಗ್: ಭಾರಿ ಟ್ರಕ್ ಸುಮ್ಮನೆ ನಿಂತು ಎಂಜಿನ್ ಓಡಿಸಿದರೆ ಗಂಟೆಗೆ ಸುಮಾರು 3 ಲೀಟರ್ ಸುಡುತ್ತದೆ ಎನ್ನುತ್ತದೆ ಅಮೆರಿಕದ ಇಂಧನ ಇಲಾಖೆಯ ಅಂದಾಜು. ನಮ್ಮ ಲಾರಿಗಳ ಎಂಜಿನ್ ಚಿಕ್ಕದಿದ್ದರೆ ಇದು ಕಡಿಮೆಯಾಗಬಹುದು, ಆದರೆ ಸೊನ್ನೆಯಲ್ಲ. ಲೋಡಿಂಗ್‌ಗೆ ಕಾಯುವಾಗ, ಡಾಬಾದಲ್ಲಿ ಊಟಕ್ಕೆ ಇಳಿದಾಗ ಎಂಜಿನ್ ಆಫ್ ಮಾಡಿ. ಆಫ್ ಮಾಡಬೇಕಾದ ಜಾಗ ಅದು, ಘಾಟಿಯಲ್ಲ.

ಟೈರ್: ಗಾಳಿ ಕಡಿಮೆಯಿದ್ದರೆ ಟೈರ್ ಹೆಚ್ಚು ಬಾಗುತ್ತದೆ, ಕಾಯುತ್ತದೆ, ಎಳೆಯಲು ಹೆಚ್ಚು ಡೀಸೆಲ್ ಬೇಕಾಗುತ್ತದೆ. ಟೈರ್ ತಣ್ಣಗಿರುವಾಗಲೇ ಗೇಜ್ ಇಟ್ಟು ನೋಡಿ. ಸುತ್ತಿಗೆಯಲ್ಲಿ ಬಡಿದು ಕೇಳುವ ಸದ್ದಿನಿಂದ ಸರಿಯಾದ ಒತ್ತಡ ತಿಳಿಯುವುದಿಲ್ಲ.

ದಿನನಿತ್ಯದ ತಪಾಸಣೆ: ಏರ್ ಟ್ಯಾಂಕಿನಲ್ಲಿ ಸೇರಿದ ನೀರು ಬಿಡಿ. ಏರ್ ಫಿಲ್ಟರ್ ಕಟ್ಟಿಕೊಂಡಿದೆಯೇ ನೋಡಿ. ಒಂದು ಚಕ್ರ ಮಾತ್ರ ಉಳಿದವುಗಳಿಗಿಂತ ಬಿಸಿಯಾಗಿದ್ದರೆ ಅದರ ಬ್ರೇಕ್ ಸವೆಸುತ್ತಾ ಓಡುತ್ತಿರಬಹುದು. ಅದು ಡೀಸೆಲ್ಲನ್ನೂ ತಿನ್ನುತ್ತದೆ, ಲೈನರನ್ನೂ ತಿನ್ನುತ್ತದೆ.

ಘಾಟಿಯಲ್ಲಿ: ಇಳಿಯಲು ಶುರುಮಾಡುವ ಮೊದಲೇ ಗೇರ್ ಇಳಿಸಿ. ಹತ್ತುವಾಗ ಬೇಕಾಗುವ ಗೇರ್‌ನಲ್ಲೇ ಇಳಿಯುವುದು ಒಳ್ಳೆಯದು. ಬ್ರೇಕ್ ಮೇಲೆ ಕಾಲಿಟ್ಟೇ ಇರಬೇಡಿ. ಒತ್ತಿ ವೇಗ ತಗ್ಗಿಸಿ, ಬಿಟ್ಟು ತಣ್ಣಗಾಗಲು ಬಿಡಿ.

ಕೊನೆಯ ಮಾತು

ಘಾಟಿಯಲ್ಲಿ ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತದೆ ಎಂಬುದು ಇಂದಿನ ಲಾರಿಗಳ ಮಟ್ಟಿಗೆ ತಪ್ಪು. ಎಂಜಿನ್ ಆಫ್ ಮಾಡಿದರೆ ಒಂದೆರಡು ಲೋಟ ಡೀಸೆಲ್ ಉಳಿಯಬಹುದೇನೋ, ಆದರೆ ಪಣಕ್ಕಿಡುವುದು ನಿಮ್ಮ ಜೀವವನ್ನು ಮತ್ತು ಕೆಳಗಿನ ತಿರುವಿನಲ್ಲಿ ಎದುರಾಗುವ ಬಸ್ಸಿನಲ್ಲಿ ಕೂತವರ ಜೀವವನ್ನು. ಆ ಸಂದೇಶ ನಿಮ್ಮ ಗುಂಪಿಗೂ ಬಂದರೆ ಫಾರ್ವರ್ಡ್ ಮಾಡಬೇಡಿ. ಕಳಿಸಿದವರಿಗೆ ಇಷ್ಟು ಹೇಳಿ: ‘ಅಣ್ಣಾ, ಘಾಟಿಯಲ್ಲಿ ಗೇರ್‌ನಲ್ಲೇ ಇಳಿ.’